ವಿಷಯನಾಮಗಳ ವಿಚಾರ: ಕಡಬ ಸೀಮೆಯ ಗ್ರಂಥಗಳನ್ನು ಮುಂದಿಟ್ಟುಕೊಂಡು

ಕಡಬವೆಂಬ ಹೆಸರಿನ ಎರಡು ಊರುಗಳು ಕನ್ನಡ ವಿದ್ವಾಂಸರ ಬರೆಹಗಳಲ್ಲಿ ಬರುತ್ತವೆ. ಅವುಗಳಲ್ಲಿ ಒಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿಗೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಗೋವಿಂದನ ಹೆಸರಿನಲ್ಲಿ, ಶಕ 735ರಲ್ಲಿ, ಯಾಪನೀಯ ಸಂಘದ ಅರ್ಕಕೀರ್ತಿಮುನಿಗೆ ಬಿಟ್ಟ ದತ್ತಿಯನ್ನು ಹೇಳುವ ತಾಮ್ರಶಾಸನವು ದೊರೆತುದು ಅಲ್ಲಿಯೇ. ಮತ್ತೊಂದು ದಕ್ಷಿಣ ಕನ್ನಡ ಜಿಲ್ಲೆಯದು. ಘಟ್ಟದ ತಪ್ಪಲಿನಲ್ಲಿ, ಉಪ್ಪಿನಂಗಡಿಗೂ ಸುಬ್ರಹ್ಮಣ್ಯಕ್ಕೂ ನಡುವಣ ಸೀಮೆಯಲ್ಲಿರುವುದು. ಈ ಎರಡನೆಯ ಕಡಬವು ಮದರಾಸು ಪ್ರಾಂತದ ಹಳೆಯ ಕಾಗದಪತ್ರಗಳಲ್ಲಿ ಉಪ್ಪಿನಂಗಡಿ ತಾಲ್ಲೂಕಿನ ಗ್ರಾಮ. ಆ ತಾಲ್ಲೂಕಿಗೆ ಪುತ್ತೂರಿನ ಹೆಸರು ಬಂದ ಮೇಲೆ ಪುತ್ತೂರು ತಾಲ್ಲೂಕಿನ ಗ್ರಾಮ. 2018ರಿಂದೀಚೆಗೆ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳ. ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯವು ಈಗ ಇದಕ್ಕೆ ಸೇರಿದೆ. ಹೀಗಿರಲು, ಒಂದು ಗ್ರಂಥಾಲಯದ ಸೂಚಿಯಲ್ಲಿ 'ಕಡಬ' ಎಂಬ ಬರಿಯ ಮಾತೊಂದನ್ನು ಬರೆದು, ಅದರ ಕೆಳಗೆ ರಾಷ್ಟ್ರಕೂಟ ಶಾಸನದ ಮೇಲಣ ಲೇಖನವನ್ನೂ ತುಳುನಾಡಿನ ಗ್ರಾಮಚರಿತ್ರೆಯನ್ನೂ ಒಟ್ಟಿಗೆ ಇಟ್ಟರೆ, ಅದನ್ನು ನಂಬಿ ಬಂದ ವಿದ್ಯಾರ್ಥಿಗೆ ಆಗುವ ಕಷ್ಟವು ಸಣ್ಣದಲ್ಲ. 'ಉಪ್ಪಿನಂಗಡಿ ತಾಲ್ಲೂಕು' ಎಂಬುದನ್ನು ಸೂಚಿಯಿಂದ ತೆಗೆದೇ ಹಾಕಿದರೆ ಆಗುವ ಕಷ್ಟವು ಅದಕ್ಕಿಂತಲೂ ದೊಡ್ಡದು; ಒಂದು ಶತಮಾನದ ಕಂದಾಯದ ದಾಖಲೆಗಳಿಗೆ ಹೋಗುವ ಬಾಗಿಲೇ ಮುಚ್ಚಿದಂತಾಗುತ್ತದೆ.

ಒಂದು ಗ್ರಂಥವು ಯಾವುದನ್ನು ಕುರಿತದ್ದೋ ಅದನ್ನು ತಿಳಿಸುವುದಕ್ಕಾಗಿ ಸೂಚಿಯಲ್ಲಿ ನಿಯಮಪೂರ್ವಕವಾಗಿ ಗೊತ್ತುಮಾಡಿದ ಮಾತಿಗೆ ವಿಷಯನಾಮವೆಂದು ಹೆಸರಿಡಬಹುದು. ಅದು ಮಾಡಬೇಕಾದ ಕೆಲಸಗಳು ಎರಡು. ಒಂದೇ ವಸ್ತುವಿಗೆ ಹಲವು ಹೆಸರುಗಳಿದ್ದಾಗ ಒಂದನ್ನು ಮುಖ್ಯವಾಗಿ ಹಿಡಿದು, ಉಳಿದ ಹೆಸರುಗಳಿಂದ ಬರುವವರನ್ನು 'ನೋಡಿ' ಎಂಬ ಸೂಚನೆಯ ಮೂಲಕ ಅಲ್ಲಿಗೆ ಕಳುಹಿಸಬೇಕು. ಒಂದೇ ಹೆಸರು ಹಲವು ವಸ್ತುಗಳಿಗಿದ್ದಾಗ ಆ ವಸ್ತುಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಬೇಕು. ನಿಘಂಟುಗಳ ಪರಿಚಯವುಳ್ಳವರಿಗೆ ಇವೆರಡೂ ಹೊಸ ವಿಚಾರಗಳಲ್ಲ. ಅಮರಕೋಶವು ಪರ್ಯಾಯಪದಗಳನ್ನು ವರ್ಗವರ್ಗವಾಗಿ ಕೂಡಿಸಿತು. ಅನೇಕಾರ್ಥವುಳ್ಳ ಪದಗಳಿಗೆ ನಾನಾರ್ಥವರ್ಗವೆಂಬ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿತು. ಕನ್ನಡದಲ್ಲಿಯೂ ರನ್ನಕಂದ ಮೊದಲ್ಗೊಂಡು ಅಭಿನವ ಮಂಗರಾಜನ ನಿಘಂಟಿನವರೆಗೆ ಈ ಸಂಪ್ರದಾಯವು ನಡೆದುಬಂದಿದೆ. ವಿಷಯಗಳನ್ನು ಕ್ರಮಪಡಿಸುವ ವಿದ್ಯೆಯೂ ಈ ನಾಡಿಗೆ ಹೊರಗಿನಿಂದ ಬಂದುದಲ್ಲ. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸವು ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ಲೋಕವ್ಯವಹಾರವನ್ನೆಲ್ಲ ಹಂಚಿಕೊಟ್ಟಿದೆ. ಆದರೆ ನಿಘಂಟುಕಾರನಿಗೂ ಗ್ರಂಥಪಾಲನಿಗೂ ಒಂದು ಭೇದವುಂಟು. ನಿಘಂಟುಕಾರನು ಪರ್ಯಾಯಗಳೆಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬಲ್ಲನು. ಗ್ರಂಥಪಾಲನು ಅವುಗಳಲ್ಲಿ ಒಂದಕ್ಕೆ ಅಗ್ರಾಸನವನ್ನು ಕೊಡಲೇಬೇಕು. ಈ ಆಯ್ಕೆಯಲ್ಲಿ ಒಂದು ತೀರ್ಪು ಅಡಗಿದೆ. ಆ ತೀರ್ಪನ್ನು ಕಚೇರಿಯ ಕೆಲಸವೆಂದು ತಿಳಿದು ಸಾಹಿತ್ಯವಿಮರ್ಶಕರು ಇದುವರೆಗೆ ಹೆಚ್ಚಾಗಿ ಗಮನಿಸಿಲ್ಲವೆಂಬುದು ವಿಷಾದದ ಸಂಗತಿ.

ಪಾಶ್ಚಾತ್ಯರಲ್ಲಿ ಈ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದವನು ಅಮೆರಿಕಾದ ಚಾರ್ಲ್ಸ್ ಅಮ್ಮಿ ಕಟರ್. 1876ರಲ್ಲಿ ಪ್ರಕಟವಾದ ಅವನ ಸೂಚಿನಿಯಮಗಳಲ್ಲಿ ಒಂದು ಮಾತು ಇಂದಿಗೂ ಮಾನ್ಯವಾದುದು: ಗ್ರಂಥವನ್ನು ಅದರ ನಿಜವಾದ ವಿಷಯದ ಹೆಸರಿನಲ್ಲಿಯೇ ನಮೂದಿಸಬೇಕು, ಆ ವಿಷಯವನ್ನು ಒಳಗೊಂಡಿರುವ ದೊಡ್ಡ ವರ್ಗದ ಹೆಸರಿನಲ್ಲಿ ಅಲ್ಲ. ಬೆಕ್ಕನ್ನು ಕುರಿತ ಪುಸ್ತಕವು ಬೆಕ್ಕಿನ ಕೆಳಗೇ ಇರಬೇಕು, ಪ್ರಾಣಿಶಾಸ್ತ್ರದ ಕೆಳಗಲ್ಲ. ಹೆಸರನ್ನು ಆರಿಸುವಾಗ ಸಾಮಾನ್ಯ ಜನರ ರೂಢಿಯನ್ನು ನೋಡಬೇಕೆಂದೂ ಅವನು ಹೇಳಿದನು. ಅಮೆರಿಕಾದ ಕಾಂಗ್ರೆಸ್ ಗ್ರಂಥಾಲಯದ ದೊಡ್ಡ ಪಟ್ಟಿಯು 1909ರಿಂದ 1914ರೊಳಗೆ ಅಚ್ಚಾಯಿತು. ಸಣ್ಣ ಗ್ರಂಥಾಲಯಗಳಿಗೆಂದು ಮಿನ್ನೀ ಅರ್ಲ್ ಸಿಯರ್ಸ್ ಎಂಬಾಕೆಯು ಸಿದ್ಧಪಡಿಸಿದ ಪಟ್ಟಿಯು 1923ರಲ್ಲಿ ಹೊರಟಿತು. ಇವೆರಡೂ ಪ್ರಪಂಚದಾದ್ಯಂತ ಬಳಕೆಗೆ ಬಂದುವು. ಇವುಗಳಿಂದಾದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಟರನು ಹೇಳಿದ ರೂಢಿಯು ಯಾರ ರೂಢಿ ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಸ್ಯಾನ್‌ಫರ್ಡ್ ಬರ್ಮನ್ ಎಂಬ ಗ್ರಂಥಪಾಲನು 1971ರಲ್ಲಿ ಒಂದು ಪುಸ್ತಕವನ್ನೇ ಬರೆದು, ಕಾಂಗ್ರೆಸ್ ಗ್ರಂಥಾಲಯದ ಪಟ್ಟಿಯು ಒಂದು ಬಗೆಯ ಓದುಗರನ್ನು ಮಾತ್ರ ಎದುರಿಗಿಟ್ಟುಕೊಂಡು ಉಳಿದವರನ್ನು ಹೊರಗಿನವರೆಂದು ಹೆಸರಿಸುತ್ತದೆ ಎಂಬುದನ್ನು ಒಂದೊಂದೇ ಮಾತನ್ನು ಎತ್ತಿ ತೋರಿಸಿದನು.

ದಕ್ಷಿಣ ಕನ್ನಡಕ್ಕೆ ಈ ಶಾಸ್ತ್ರದೊಡನೆ ಒಂದು ಹಳೆಯ ನಂಟುಂಟು. ಭಾರತದ ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1917ರಲ್ಲಿ ಅಧ್ಯಾಪಕವೃತ್ತಿಗೆ ಕಾಲಿಟ್ಟುದು ಮಂಗಳೂರಿನ ಸರ್ಕಾರೀ ಕಾಲೇಜಿನಲ್ಲಿ, ಗಣಿತದ ಉಪಾಧ್ಯಾಯರಾಗಿ. ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದುದು 1924ರಲ್ಲಿ. ಸ್ವಾತಂತ್ರ್ಯಾನಂತರ ಹುಟ್ಟಿದ ಮೊದಲ ಸಾರ್ವಜನಿಕ ಗ್ರಂಥಾಲಯ ಶಾಸನವು 1948ರ ಮದರಾಸು ಶಾಸನ. ಅದರ ಹಿಂದೆ ಅವರ ಬಹುಕಾಲದ ಶ್ರಮವಿತ್ತು. ಪುತ್ತೂರು ಕಡಬಗಳು ಆಗ ಆ ಪ್ರಾಂತಕ್ಕೇ ಸೇರಿದ್ದುವು. ಕರ್ಣಾಟಕದ ಶಾಸನವು ಬಂದುದು 1965ರಲ್ಲಿ. ರಂಗನಾಥನ್ ಅವರು 1938ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ ಸರಪಳಿಕ್ರಮವು ಈ ಪ್ರಸಂಗದಲ್ಲಿ ಮುಖ್ಯವಾದುದು. ವಿಷಯನಾಮಗಳಿಗೆ ಬೇರೆ ಪಟ್ಟಿಯೇ ಬೇಡ. ವರ್ಗೀಕರಣದ ಸಂಖ್ಯೆಯನ್ನೇ ಕೊನೆಯಿಂದ ಮೊದಲಿಗೆ ಕೊಂಡಿಕೊಂಡಿಯಾಗಿ ಬಿಚ್ಚಿದರೆ ನಾಮಗಳು ತಾವಾಗಿಯೇ ದೊರೆಯುತ್ತವೆ ಎಂಬುದು ಅದರ ತಾತ್ಪರ್ಯ. ಅಡಕೆಯ ರೋಗವೊಂದನ್ನು ಕುರಿತ ಗ್ರಂಥಕ್ಕೆ ಮೊದಲು ರೋಗದ ಹೆಸರು, ಅನಂತರ ಅಡಕೆ, ಅನಂತರ ಕೃಷಿ ಎಂದು ಮೂರು ಕಡೆ ಬಾಗಿಲು ತೆರೆಯುತ್ತದೆ. ಗಣಿತಜ್ಞನ ಬುದ್ಧಿಗೆ ತಕ್ಕ ಅಂದವಾದ ಕ್ರಮವಿದು. ಆದರೆ ಸರಪಳಿಯು ಕೊಂಡಿಗಳ ಸಂಬಂಧವನ್ನು ಹೇಳಬಲ್ಲದೇ ಹೊರತು, ಒಂದೊಂದು ಕೊಂಡಿಯನ್ನು ಜನರು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು ಹೇಳಲಾರದು.

ಅಡಕೆಯ ದೃಷ್ಟಾಂತವನ್ನೇ ಇನ್ನೂ ಸ್ವಲ್ಪ ನೋಡಬಹುದು. ಕಡಬ ಸುಳ್ಯಗಳ ತೋಟಗಾರನಿಗೆ ಮಳೆಗಾಲದಲ್ಲಿ ಎಳೆಯ ಕಾಯಿ ಕೊಳೆತು ಉದುರುವ ರೋಗವು 'ಮಹಾಳಿ'. ಮಲೆನಾಡಿನವನು ಅದನ್ನು 'ಕೊಳೆರೋಗ'ವೆನ್ನುತ್ತಾನೆ. ಮೈಸೂರು ಸರ್ಕಾರದ ಕೃಷಿಶಾಸ್ತ್ರಜ್ಞನಾಗಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಡಕೆರೋಗದ ಗ್ರಂಥವು ಈ ಎರಡನೆಯ ಹೆಸರನ್ನೇ ಹಿಡಿಯಿತು. ಹೀಗೆ ಒಂದು ಕನ್ನಡ ಮಾತು ಪ್ರಪಂಚದ ಸಸ್ಯರೋಗಶಾಸ್ತ್ರದಲ್ಲಿ ನೆಲೆಗೊಂಡಿತು. ಕನ್ನಡಿಗರು ಸಂತೋಷಪಡಬಹುದಾದ ವಿಷಯವೇ ಸರಿ. ಆದರೆ ಇದೇ ಮಾತು ಅದಕ್ಕೂ ಮೊದಲೇ, 1876ರಲ್ಲಿಯೇ, ಮೈಸೂರು ಸೀಮೆಯ ಕಾಫಿಗಿಡದ ಬೇರೊಂದು ರೋಗದ ಶಿಲೀಂಧ್ರಕ್ಕೆ ಹೆಸರಾಗಿ ಶಾಸ್ತ್ರಗ್ರಂಥಗಳನ್ನು ಸೇರಿತ್ತು. ಆದುದರಿಂದ 'ಕೊಳೆರೋಗ' ಎಂದಷ್ಟೇ ಬರೆದರೆ ಕೊಡಗಿನ ಕಾಫಿಯೂ ಕಡಬದ ಅಡಕೆಯೂ ಒಂದೇ ಚೀಟಿಯ ಕೆಳಗೆ ಬರುತ್ತವೆ. ಇಂಗ್ಲಿಷಿನ ದಾರಿಯಿಂದ ಹೋದವರಿಗೆ ಮತ್ತೊಂದು ತೊಡಕು: ಆ ಭಾಷೆಯ ವಾಡಿಕೆಯ 'ಬೀಟಲ್‌ನಟ್' ಎಂಬ ಮಾತು ವೀಳ್ಯದೆಲೆಯ ಹೆಸರನ್ನು ಅಡಕೆಗೆ ಅಂಟಿಸುತ್ತದೆ, ಇವೆರಡೂ ಸಂಬಂಧವಿಲ್ಲದ ಎರಡು ಸಸ್ಯಗಳು. ಈ ಮಾತನ್ನು ಕನ್ನಡಕ್ಕೆ ಅಕ್ಷರಶಃ ತಂದರೆ ಹಾಸ್ಯಾಸ್ಪದವಾಗುತ್ತದೆ.

ಇಲ್ಲಿ ಮಾಡತಕ್ಕದ್ದು ಕಷ್ಟವೇನಲ್ಲ. 'ಕೊಳೆರೋಗ (ಅಡಕೆ)' ಎಂಬುದನ್ನು ಮುಖ್ಯನಾಮವಾಗಿ ಹಿಡಿದು, 'ಕೊಳೆರೋಗ (ಕಾಫಿ)' ಎಂಬುದನ್ನು ಬೇರೆ ನಿಲ್ಲಿಸಿ, 'ಮಹಾಳಿ' ಎಂಬಲ್ಲಿ ಒಂದು 'ನೋಡಿ' ಚೀಟಿಯನ್ನು ಇಟ್ಟರೆ ಮುಗಿಯಿತು. 'ಅಡಿಕೆ', 'ಕಂಗು' ಇವುಗಳಿಗೂ ಹಾಗೆಯೇ. ಮೈಲುತುತ್ತು ಸುಣ್ಣ ಕಲಸಿ ಮದ್ದು ಬಿಡುವವನು ಸೂಚಿಯಲ್ಲಿ 'ಬೋರ್ಡೋ ದ್ರಾವಣ'ವೆಂಬ ಹೆಸರನ್ನು ಹುಡುಕುತ್ತಾನೆಂದು ಭಾವಿಸುವುದಕ್ಕೆ ಕಾರಣವಿಲ್ಲ. 'ಮೈಲುತುತ್ತು' ಎಂಬಲ್ಲಿಯೂ ಒಂದು ಚೀಟಿ ಇರಲಿ. ಚೀಟಿಯ ಖರ್ಚು ಅಲ್ಪ. ಅದಿಲ್ಲದಿದ್ದರೆ ಗ್ರಂಥವಿದ್ದೂ ಇಲ್ಲದಂತೆ.

ಇಷ್ಟು ಸುಲಭವಾಗಿ ತೀರದ ವಿಷಯಗಳೂ ಉಂಟು. ತುಳುನಾಡಿನ ದೈವಗಳ ಆರಾಧನೆಯನ್ನು ಕುರಿತು ಪಾಡ್ದನಗಳನ್ನು ಸಂಗ್ರಹಿಸಿದ ಆರ್ಥರ್ ಕೋಕ್ ಬರ್ನೆಲ್ ಅವರ ಬರೆಹಗಳು, ಅವರು ತೀರಿಕೊಂಡ ಮೇಲೆ, 1894ರಿಂದ 1897ರ ವರೆಗೆ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದುವು. ಇಂದಿಗೂ ಅವು ಸಂಶೋಧಕರಿಗೆ ಬೇಕಾದ ಆಕರಗಳೇ. ಆದರೆ ಅವುಗಳಿಗೆ ಇಟ್ಟ ಶೀರ್ಷಿಕೆಯ ಅರ್ಥ 'ತುಳುವರ ಪಿಶಾಚಪೂಜೆ' ಎಂದಾಗುತ್ತದೆ. ಗ್ರಂಥದ ಒಳಗಿರುವುದು ಕೋಟಿ ಚೆನ್ನಯರ ಕಥೆ, ಪಂಜುರ್ಲಿಯ ಕಥೆ. ಎಣ್ಮೂರು ಪಂಜ ಸೀಮೆಯ ಜನರು ಗರಡಿಯಲ್ಲಿ ಕೈಮುಗಿದು ಕೇಳುವ ಕಥೆಗಳು. ಹೊರಗಿರುವ ಹೆಸರು ಪಿಶಾಚದ್ದು. ಶೀರ್ಷಿಕೆಯಲ್ಲಿರುವ ಮಾತನ್ನೇ ವಿಷಯನಾಮವಾಗಿ ತೆಗೆದುಕೊಳ್ಳುವ ಗ್ರಂಥಪಾಲನು ಬರ್ನೆಲ್ ಅವರ ಕಾಲದ ತೀರ್ಪಿಗೆ ತನ್ನ ಕಾಲದಲ್ಲಿ ಮುದ್ರೆಯೊತ್ತಿದಂತಾಗುತ್ತದೆ. ದಶಮಾಂಶ ಪದ್ಧತಿಯಲ್ಲಿ 133ರ ಕೆಳಗೆ ಮಾಟಮಂತ್ರಗಳ ನಡುವೆ ಹೋಗಬೇಕಾದ ಗ್ರಂಥವೇ ಇದು? 294.5ರ ಹಿಂದೂಧರ್ಮದಲ್ಲಿಯೇ? 398ರ ಜನಪದಸಾಹಿತ್ಯದಲ್ಲಿಯೇ? ಆ ಪದ್ಧತಿಯು 220ರಿಂದ 280ರ ವರೆಗಿನ ಸ್ಥಾನಗಳನ್ನು ಕ್ರೈಸ್ತಮತಕ್ಕೆ ಕೊಟ್ಟು ಜಗತ್ತಿನ ಉಳಿದ ಮತಗಳನ್ನೆಲ್ಲ 290ರಲ್ಲಿ ಇಕ್ಕಟ್ಟಾಗಿ ಕೂರಿಸಿದುದು ಪ್ರಸಿದ್ಧವೇ ಆಗಿದೆ.

ಹಾಗಾದರೆ ಹಿಡಿಯತಕ್ಕ ಹೆಸರು ಯಾವುದು? ವಿಂಡಂ ಹ್ಯೂಮ್ ಎಂಬ ಆಂಗ್ಲ ಗ್ರಂಥಪಾಲನು 1911ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟನು: ವರ್ಗಗಳನ್ನು ತತ್ತ್ವಶಾಸ್ತ್ರದಿಂದ ಇಳಿಸಿಕೊಳ್ಳದೆ, ನಿಜವಾಗಿ ಬರೆಯಲ್ಪಟ್ಟಿರುವ ಗ್ರಂಥಗಳಿಂದಲೇ ತೆಗೆಯಬೇಕು. ಇದನ್ನು ಗ್ರಂಥಪ್ರಾಮಾಣ್ಯವೆನ್ನಬಹುದು. ಕನ್ನಡ ಗ್ರಂಥಗಳನ್ನು ನೋಡಿದರೆ 'ಭೂತಾರಾಧನೆ' ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಈಚೆಗೆ ತುಳುನಾಡಿನ ಅನೇಕರು 'ದೈವಾರಾಧನೆ' ಎಂಬುದನ್ನೇ ಇಷ್ಟಪಡುತ್ತಾರೆ. ತುಳುವಿನ ಮಾತಿನಲ್ಲಿ 'ಬೂತ' ಎಂಬುದು ನಿಂದೆಯ ಮಾತಲ್ಲ; ಕಟ್ಟುವವರೂ ನಂಬುವವರೂ ಅದನ್ನು ಭಕ್ತಿಯಿಂದಲೇ ಆಡಿದ್ದಾರೆ. ಅದೇ ಮಾತು ಘಟ್ಟವನ್ನು ಹತ್ತಿದ ಕೂಡಲೇ ದೆವ್ವದ ಅರ್ಥವನ್ನು ಹೊದೆಯುತ್ತದೆ. ಧಾರವಾಡದ ವಾಚಕನಿಗೆ 'ಭೂತ' ಎಂಬ ಚೀಟಿಯು ಸ್ಮಶಾನದ ಕಥೆಗಳ ದಾರಿಯನ್ನು ತೋರಿಸೀತು. ಹಾಗೆಂದು 'ದೈವ'ವು ನಿರ್ದುಷ್ಟವಾದುದೇ ಎಂದರೆ ಅದೂ ಅಲ್ಲ. ಬಯಲುಸೀಮೆಯ ಕನ್ನಡದಲ್ಲಿ ಅದು ವಿಧಿಯನ್ನೂ ದೇವರನ್ನೂ ಸೂಚಿಸುತ್ತದೆ. ನಾಡಿಗೆಲ್ಲ ಒಂದೇ ಪಟ್ಟಿ ಬೇಕೆಂದಾದರೆ, ವಿಷಯವನ್ನು ಅರಿಯದವನಿಗೆ ಅತ್ಯಲ್ಪವಾಗಿ ದಾರಿ ತಪ್ಪಿಸುವ ಹೆಸರನ್ನು ಹಿಡಿಯುವುದು ನ್ಯಾಯ. ಅಂತಹುದು 'ದೈವಾರಾಧನೆ (ತುಳುನಾಡು)'. 'ಭೂತಾರಾಧನೆ', 'ಭೂತಕೋಲ', 'ನೇಮ' ಇವು ಅದರ ಬಾಗಿಲುಗಳಾಗಿ ಉಳಿಯತಕ್ಕವು. ಗ್ರಂಥಪ್ರಾಮಾಣ್ಯದ ಸೂತ್ರವು ಇಲ್ಲಿ ಪೂರ್ತಿಯಾಗಿ ಸಾಲದು ಎಂಬುದನ್ನು ಒಪ್ಪಬೇಕು. ಪಾಡ್ದನವನ್ನು ಹಾಡಿದವರು ಅಚ್ಚುಹಾಕಿಸಿದವರಲ್ಲ. ಬರೆದವರ ಮಾತನ್ನೇ ಪ್ರಮಾಣವೆಂದರೆ ಹಾಡಿದವರ ಮಾತು ಸೂಚಿಗೆ ಸೇರುವುದೇ ಇಲ್ಲ.

ಇದಕ್ಕಿಂತಲೂ ವಿಚಾರಣೀಯವಾದುದು 1837ರ ಘಟನೆ. 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರಸುಳ್ಯ ಪುತ್ತೂರು ಸೀಮೆಗಳನ್ನು, ಕೊಡಗು ಕಂಪನಿ ಸರ್ಕಾರದ ವಶವಾದ ಮೇಲೆ, ಕೆನರಾ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕಾಗಿ ಬಂದಿತು. 1837ರ ಏಪ್ರಿಲ್ ತಿಂಗಳಿನಲ್ಲಿ, ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ, ಕೆದಂಬಾಡಿ ರಾಮಗೌಡ ಮೊದಲಾದವರೊಡನೆ ಸುಳ್ಯದ ಕಡೆಯಿಂದ ಹೊರಟ ದಂಡು ಮಂಗಳೂರನ್ನು ಸೇರಿ ಕೆಲವು ದಿನ ಅದನ್ನು ಕೈವಶ ಮಾಡಿಕೊಂಡಿತ್ತು. ಬಳಿಕ ಮುಂದಾಳುಗಳಿಗೆ ಮರಣದಂಡನೆಯಾಯಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿ ನೇಣಿಗೆ ಹಾಕಿದರು. ಈ ಒಂದು ಸಂಗತಿಗೆ ಎಷ್ಟು ಹೆಸರುಗಳು! ಆಳುವವರ ಬರೆಹಗಳಲ್ಲಿ ಅದು ಕೊಡಗಿನ ದಂಗೆ. ಕರಾವಳಿಯ ಜನರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ'. ಈಚಿನ ಇತಿಹಾಸಕಾರರಲ್ಲಿ ಕೆಲವರಿಗೆ ರೈತಬಂಡಾಯ, ಕೆಲವರಿಗೆ ಸ್ವಾತಂತ್ರ್ಯ ಸಂಗ್ರಾಮ.

ಈ ನಾಲ್ಕು ಹೆಸರುಗಳು ಬರಿಯ ಪರ್ಯಾಯಗಳಲ್ಲ, ನಾಲ್ಕು ವಾದಗಳು. 'ದಂಗೆ'ಯೆಂದವನು ನ್ಯಾಯಾಧೀಶನ ಪೀಠದಲ್ಲಿ ಕುಳಿತಿದ್ದಾನೆ. 'ಕಾಟಕಾಯಿ' ಎಂದವನು ದಂಡು ಬರುವಾಗ ಮನೆಯ ಬಾಗಿಲನ್ನು ಹಾಕಿಕೊಂಡವನು. ಲೂಟಿಯ ಭಯವು ಆ ಮಾತಿನಲ್ಲಿ ಈಗಲೂ ಕೇಳಿಸುತ್ತದೆ. 'ಸಂಗ್ರಾಮ'ವೆಂದವನು 1947ರ ಬೆಟ್ಟದ ಮೇಲೆ ನಿಂತು ಹಿಂದಕ್ಕೆ ನೋಡುತ್ತಿದ್ದಾನೆ. ಅಮರಕೋಶದ ನ್ಯಾಯವು ಇಲ್ಲಿ ನಡೆಯದು. ಒಂದನ್ನು ಮುಖ್ಯವಾಗಿ ಹಿಡಿದರೆ ಉಳಿದ ಮೂವರ ವಾದವನ್ನು ತಳ್ಳಿಹಾಕಿದಂತಾಗುವುದೆಂಬ ಆಕ್ಷೇಪಕ್ಕೆ ಬಲವಿದೆ. ಕೆಲವು ಸೂಚಿಕಾರರು ಇಂತಹ ಎಡೆಗಳಲ್ಲಿ ಸ್ಥಳವನ್ನೂ ವರ್ಷವನ್ನೂ ಮಾತ್ರ ಬರೆದು ನುಣುಚಿಕೊಳ್ಳುತ್ತಾರೆ. 'ಅಮರಸುಳ್ಯ, 1837' ಎಂದರೆ ಯಾರಿಗೂ ನೋವಿಲ್ಲ, ನಿಜ. ಆದರೆ ಅಲ್ಲಿ ನಡೆದುದು ಜಾತ್ರೆಯೋ ಕ್ಷಾಮವೋ ಎಂಬುದೂ ತಿಳಿಯುವುದಿಲ್ಲ. ಶಸ್ತ್ರ ಹಿಡಿದು ಆಳರಸರನ್ನು ಎದುರಿಸಿದರೆಂಬ, ಎಲ್ಲರೂ ಒಪ್ಪುವ ಅಂಶವನ್ನಾದರೂ ಹೆಸರು ಹೇಳಬೇಕು. 'ಅಮರಸುಳ್ಯದ ಬಂಡಾಯ, 1837' ಎಂಬುದು ಈ ಮಟ್ಟಿಗೆ ಸಾಕು. 'ಕಾಟಕಾಯಿ' ಎಂಬ ಮಾತಿಗೆ ಬಾಗಿಲು ಇದ್ದೇ ಇರಬೇಕು. ಅದನ್ನು ಅವಮಾನಕರವೆಂದು ಅಳಿಸಿಹಾಕಿದರೆ ಜನಸ್ಮೃತಿಯ ಒಂದು ಭಾಗವೇ ಅಳಿಯುತ್ತದೆ. ಬೇರೆ ಯಾವ ದಾಖಲೆಯಲ್ಲಿಯೂ ಸಿಕ್ಕದ ಅಂದಿನ ಭಯವು ಆ ಒಂದು ಮಾತಿನಲ್ಲಿ ಉಳಿದುಬಂದಿದೆ.

ನಿರಂಜನರು ಈ ಘಟನೆಯನ್ನೇ ವಸ್ತುವಾಗಿಟ್ಟುಕೊಂಡು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿಯನ್ನು ಬರೆದರು. ಅವರು ಹುಟ್ಟಿದುದು 1924ರಲ್ಲಿ, ಸುಬ್ರಹ್ಮಣ್ಯಕ್ಕೆ ಸಮೀಪದ ಕುಳಕುಂದದಲ್ಲಿ. ಊರಿನ ಹೆಸರನ್ನು ಹೊತ್ತ ಕುಳಕುಂದ ಶಿವರಾಯ ಎಂಬುದು ಅವರ ನಿಜನಾಮ. ಎರಡು ಹೆಸರುಗಳನ್ನೂ ಒಂದೆಡೆಗೆ ತರುವುದು ಸೂಚಿಕಾರನಿಗೆ ಸುಲಭ. ಕಾದಂಬರಿಯನ್ನು ಇತಿಹಾಸದ ವಿಷಯದೊಡನೆ ತರುವುದಕ್ಕೆ ಮಾತ್ರ ಅವನು ಸಾಮಾನ್ಯವಾಗಿ ಮನಸ್ಸು ಮಾಡುವುದಿಲ್ಲ. ಕಥಾಸಾಹಿತ್ಯಕ್ಕೆ ಗ್ರಂಥಕರ್ತನ ಹೆಸರೊಂದೇ ಸಾಕೆಂಬುದು ರೂಢಿ. ಇದರಿಂದ ಅಮರಸುಳ್ಯದ ವಿಷಯವನ್ನು ಹುಡುಕುವವನಿಗೆ ಆ ಘಟನೆಯನ್ನು ಕನ್ನಡಿಗರು ಹೇಗೆ ಕಲ್ಪಿಸಿಕೊಂಡರೆಂಬುದು ಕಾಣದೆ ಹೋಗುತ್ತದೆ.

ಕಾರಂತರ 'ಬೆಟ್ಟದ ಜೀವ'ದ ವಿಷಯದಲ್ಲಿ ಈ ನಷ್ಟವು ಇನ್ನೂ ಸ್ಪಷ್ಟ. 1943ರಲ್ಲಿ ಹೊರಬಂದ ಈ ಕೃತಿಯು ಸುಬ್ರಹ್ಮಣ್ಯದ ಸುತ್ತಣ ಕಾಡಿನ ಸೀಮೆಯನ್ನು ಒಳಗಿನಿಂದ ಬಲ್ಲ ಲೇಖನಿಯಿಂದ ಬಂದುದು. ಗೋಪಾಲಯ್ಯನು ಕಾಡನ್ನು ಕಡಿದು ತೋಟವನ್ನೆಬ್ಬಿಸಿದ ಬಗೆ, ಕಾಟುಮೂಲೆಯಲ್ಲಿ ನಾರಾಯಣನ ಸಂಸಾರ, ಹುಲಿಯ ಕಾಟ, ಮನೆಬಿಟ್ಟು ಹೋದ ಶಂಭುವಿಗಾಗಿ ಶಂಕರಮ್ಮನ ಕಾಯುವಿಕೆ ಇವೆಲ್ಲ ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಇದಕ್ಕೆ 'ಅಡಕೆ ಕೃಷಿ' ಎಂದು ವಿಷಯನಾಮವನ್ನು ಕೊಟ್ಟರೆ ರಸಿಕರು ನಗುವರು. ಕೊಡದಿದ್ದರೆ ಘಟ್ಟದ ತಪ್ಪಲಿನ ಬೇಸಾಯದ ಚರಿತ್ರೆಯನ್ನು ಬರೆಯುವವನಿಗೆ ಈ ಪುಸ್ತಕದ ಸುಳಿವೇ ಹತ್ತದು. ಕಾದಂಬರಿಯ ವಿಷಯವು ಅದರ ವಸ್ತುವಲ್ಲ ಎಂಬ ವಿಮರ್ಶಕರ ಎಚ್ಚರಿಕೆಯು ಯಥಾರ್ಥವಾದುದೇ. 'ಬೆಟ್ಟದ ಜೀವ'ದ ಜೀವವು ತೋಟದಲ್ಲಿಲ್ಲ, ಆ ಮುದುಕನ ಮಾತಿನಲ್ಲಿದೆ. ಆದರೂ ಸ್ಥಳದ ಹೆಸರಿನ ಕೆಳಗೆ 'ಕಾದಂಬರಿಗಳು' ಎಂಬ ಉಪವಿಭಾಗವನ್ನು ಮಾಡಿ ಅಲ್ಲಿ ಇದನ್ನು ನಮೂದಿಸಿದರೆ ರಸಕ್ಕೆ ಭಂಗವೇನೂ ಬಾರದು. ವಿಷಯನಾಮವು ಕೃತಿಯ ಬೆಲೆಯನ್ನು ಕಟ್ಟುವುದಿಲ್ಲ, ಬರುವ ದಾರಿಯನ್ನು ತೋರಿಸುತ್ತದೆಯಷ್ಟೆ.

'ಚೋಮನ ದುಡಿ'ಯಲ್ಲಿ ಕಷ್ಟವು ಬೇರೆ ಬಗೆಯದು. 1933ರಲ್ಲಿ ಅದು ಪ್ರಕಟವಾದಾಗ ಚೋಮನ ಜನರನ್ನು ಸೂಚಿಸಲು ಬಳಕೆಯಲ್ಲಿದ್ದ ಮಾತುಗಳು ಇಂದು ಬಳಕೆಯಲ್ಲಿಲ್ಲ, ಬಳಸತಕ್ಕವೂ ಅಲ್ಲ. 'ಪಂಚಮ', 'ಹರಿಜನ', 'ಪರಿಶಿಷ್ಟ ಜಾತಿ', 'ದಲಿತ' ಎಂದು ಹೆಸರುಗಳು ಒಂದರ ಮೇಲೊಂದು ಬಂದಿವೆ. ಮುಖ್ಯನಾಮವನ್ನು ಆ ಜನರು ತಮಗೆ ತಾವೇ ಒಪ್ಪಿಕೊಂಡ ಮಾತಿನಿಂದಲೇ ಹಿಡಿಯತಕ್ಕದ್ದು. ಹಳೆಯ ಮಾತುಗಳು ಸೂಚಿಯಲ್ಲಿ ಇರಬೇಕೆ ಎಂಬ ಪ್ರಶ್ನೆಗೆ, ಬಾಗಿಲಾಗಿ ಮಾತ್ರ ಇರಬೇಕು ಎಂಬುದೇ ಉತ್ತರ. 1930ರ ವರದಿಯೊಂದನ್ನು ಹಿಡಿದು ಬಂದ ಸಂಶೋಧಕನ ಕೈಯಲ್ಲಿರುವುದು ಆ ಹಳೆಯ ಮಾತೇ. ಅಲ್ಲಿಂದ ಇಂದಿನ ಮಾತಿಗೆ ಅವನನ್ನು ಕರೆತರುವ ಚೀಟಿಯೇ ಆ ಕಾಲದಿಂದ ಈ ಕಾಲಕ್ಕೆ ಬಂದ ದಾರಿಯನ್ನೂ ತಿಳಿಸುತ್ತದೆ.

ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಕಾರಂತರು ವಿಷಯಗಳನ್ನು ಕನ್ನಡದಲ್ಲಿ ಹೆಸರಿಸುವ ಕೆಲಸವನ್ನು ಗ್ರಂಥಪಾಲರಿಗಿಂತ ಮೊದಲೇ ಮಾಡಿದ್ದರು. ಅವರ 'ಬಾಲಪ್ರಪಂಚ'ದ ಮೂರು ಸಂಪುಟಗಳು 1936ರಲ್ಲಿ ಬಂದುವು. 'ಸಿರಿಗನ್ನಡ ಅರ್ಥಕೋಶ'ವು 1941ರಲ್ಲಿ. 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಅನಂತರ. ಕುಳಕುಂದದ ನಿರಂಜನರು 'ಜ್ಞಾನಗಂಗೋತ್ರಿ'ಯ ಏಳು ಸಂಪುಟಗಳ ಪ್ರಧಾನ ಸಂಪಾದಕರಾದರು. ಕುಮಾರಧಾರೆಯ ಆಸುಪಾಸಿನ ಸೀಮೆಯೊಂದೇ ಇಂತಹ ಇಬ್ಬರನ್ನು ಕನ್ನಡಕ್ಕೆ ಕೊಟ್ಟುದು ಗಮನಾರ್ಹ. ಇವರು ಎಳೆಯರಿಗಾಗಿ ಬರೆದರು. ಆದುದರಿಂದ ಎಳೆಯನ ಬಾಯಿಗೆ ಬಾರದ ಮಾತನ್ನು ಆದಷ್ಟೂ ದೂರವಿಟ್ಟರು. ಇಂಗ್ಲಿಷಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದು ಮಾತಿಗೆ ಒಂದೊಂದು ಸಂಸ್ಕೃತ ಸಮಾಸವನ್ನು ಹೊಂದಿಸುವ ಭಾಷಾಂತರಕಾರನ ರೀತಿಗೂ ಇವರ ರೀತಿಗೂ ಬಹಳ ಅಂತರವಿದೆ. 1969ರಿಂದ ಹದಿನಾಲ್ಕು ಸಂಪುಟಗಳಾಗಿ ಬಂದ ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'ವು ಅಕಾರಾದಿಕ್ರಮದ್ದು. ಅದರ ಶೀರ್ಷಿಕೆಗಳನ್ನೆಲ್ಲ ಒಂದೆಡೆ ಬರೆದರೆ ವಿಷಯನಾಮಗಳ ಪಟ್ಟಿಯೊಂದರ ಮೊದಲ ಕರಡು ಸಿದ್ಧವಾದಂತೆಯೇ. ತುಳು ಸೀಮೆಯ ಮಾತುಗಳಿಗೆ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರೊಳಗೆ ಆರು ಸಂಪುಟಗಳಾಗಿ ಹೊರಟ 'ತುಳು ನಿಘಂಟು' ಇದ್ದೇ ಇದೆ. ಇಷ್ಟು ಸಾಮಗ್ರಿ ಕೈಯಲ್ಲಿರುವಾಗ ಸಿಯರ್ಸ್ ಪಟ್ಟಿಯನ್ನು ಭಾಷಾಂತರಿಸಲು ಕುಳಿತುಕೊಳ್ಳುವುದು ತೆಂಗಿನ ತೋಟದಲ್ಲಿದ್ದುಕೊಂಡು ಎಣ್ಣೆಗೆ ಪೇಟೆಗೆ ಹೋದಂತೆ.

ಗಣಕಯಂತ್ರಗಳು ಬಂದ ಮೇಲೆ ಈ ಚರ್ಚೆಯೇ ಅನಾವಶ್ಯಕವೆಂದು ಹೇಳುವವರುಂಟು. ಗ್ರಂಥದ ಒಳಗಿನ ಪ್ರತಿಯೊಂದು ಮಾತನ್ನೂ ಯಂತ್ರವು ಹುಡುಕಿಕೊಡುವಾಗ ಚೀಟಿಗಳೇಕೆ ಎಂಬುದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ 'ಮಹಾಳಿ' ಎಂಬ ಅಕ್ಷರಗಳನ್ನು ಹುಡುಕಿದರೆ ಆ ಅಕ್ಷರಗಳಿಲ್ಲದ ಕೊಳೆರೋಗದ ಪುಸ್ತಕವು ಸಿಕ್ಕದು. 'ಪಾಡ್ದನ' ಎಂದು ಹುಡುಕಿದವನಿಗೆ 'ಪಾರ್ದನ' ಎಂದು ಬರೆದವನ ಗ್ರಂಥವು ತಪ್ಪಿಹೋಗುತ್ತದೆ. 'ಸುಬ್ರಹ್ಮಣ್ಯ'ಕ್ಕೂ 'ಸುಬ್ರಮಣ್ಯ'ಕ್ಕೂ ನಡುವೆ ಒಂದು ಹಕಾರವು ಗೋಡೆಯಾಗಿ ನಿಲ್ಲುತ್ತದೆ. ಹಳೆಯ ಅಚ್ಚಿನ ಪುಸ್ತಕಗಳು ಎಷ್ಟೋ ಎಡೆಗಳಲ್ಲಿ ಚಿತ್ರಗಳಾಗಿ ಮಾತ್ರ ಯಂತ್ರವನ್ನು ಸೇರಿವೆ. ಅವುಗಳ ಒಳಗಿನ ಅಕ್ಷರವನ್ನು ಅದು ಓದಲಾರದು. ಓದಬಲ್ಲುದೆಂದೇ ಇಟ್ಟುಕೊಂಡರೂ, 'ಬೆಟ್ಟದ ಜೀವ'ವು ಯಾವ ಸೀಮೆಯನ್ನು ಕುರಿತದ್ದೆಂಬ ವಿವೇಚನೆಯನ್ನು ಅಕ್ಷರಗಳ ಎಣಿಕೆಯಿಂದ ಪಡೆಯುವುದು ಸುಲಭವಲ್ಲ. ಯಂತ್ರವು ಬಂದುದರಿಂದ ಒಂದು ಅನುಕೂಲವು ನಿಜವಾಗಿಯೂ ಆಗಿದೆ: ಬಾಗಿಲುಗಳ ಸಂಖ್ಯೆಗೆ ಈಗ ಮಿತಿಯಿಲ್ಲ. ಮರದ ಪೆಟ್ಟಿಗೆಯಲ್ಲಿ ಜಾಗವಿಲ್ಲವೆಂದು ಸ್ಥಳೀಯ ಹೆಸರುಗಳನ್ನು ಬಿಡುತ್ತಿದ್ದ ಕಾಲವು ಕಳೆಯಿತು. ಹಾಗಿದ್ದೂ ಬಿಡುವುದಾದರೆ ಅದಕ್ಕೆ ಜಾಗದ ನೆಪವನ್ನು ಹೇಳುವಂತಿಲ್ಲ.

ಪಟ್ಟಿಯನ್ನು ಮಾಡುವವರು ಯಾರು ಎಂಬುದೊಂದು ಉಳಿದಿದೆ. ಬೆಂಗಳೂರಿನಲ್ಲಿ ಕುಳಿತ ಪಂಡಿತಮಂಡಲಿಯು ಮುಖ್ಯನಾಮಗಳನ್ನು ಗೊತ್ತುಮಾಡಬಹುದು. 'ನೋಡಿ' ಚೀಟಿಗಳನ್ನು ಅದು ಗೊತ್ತುಮಾಡಲಾರದು. ಅವು ಹುಟ್ಟುವುದು ಊರಿನ ಗ್ರಂಥಾಲಯದ ಮೇಜಿನ ಮುಂದೆ, ವಾಚಕನೊಬ್ಬನು ತನ್ನ ಮಾತಿನಲ್ಲಿ ಕೇಳಿ ಬರಿಗೈಯಲ್ಲಿ ಹಿಂದಿರುಗುವ ಗಳಿಗೆಯಲ್ಲಿ. ಗ್ರಾಮಪಂಚಾಯತಿನ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆನಿಸಿಕೊಂಡಿವೆ. ಸಾಲ ಕೊಟ್ಟ ಪುಸ್ತಕಗಳ ಲೆಕ್ಕವನ್ನು ಇಡುವಂತೆ, ಕೇಳಿಯೂ ಸಿಕ್ಕದ ವಿಷಯಗಳಿಗೂ ಅಲ್ಲಿ ಒಂದು ಪುಸ್ತಕವನ್ನಿಟ್ಟು, ಕೇಳಿದವನು ಆಡಿದ ಮಾತನ್ನೇ, ತುಳುವಾಗಲಿ ಅರೆಭಾಷೆಯಾಗಲಿ ಮಲೆಯಾಳವಾಗಲಿ, ತಿದ್ದದೆ ಬರೆದುಕೊಳ್ಳುವುದು ಸಾಧ್ಯ. ಕಡಬ ಸುಳ್ಯಗಳಂತಹ ಹಲವು ನುಡಿಗಳ ಸೀಮೆಯಲ್ಲಿ ಅಂತಹ ಪುಸ್ತಕವೊಂದು ವರ್ಷ ತುಂಬುವುದರೊಳಗೆ ಯಾವ ಅಚ್ಚಾದ ಪಟ್ಟಿಯಲ್ಲಿಯೂ ಇಲ್ಲದ ಹೆಸರುಗಳನ್ನು ಕೊಡುವ ಸಂಭವವಿದೆ. ಅವುಗಳಲ್ಲಿ ಮೊದಲನೆಯದು 'ಮಹಾಳಿ'ಯೇ ಆದರೆ ಆಶ್ಚರ್ಯವಿಲ್ಲ.